ತೋಟ ಬಿಟ್ಟುಕೊಟ್ಟೆ, ಕಸಿ ಕಟ್ಟುವುದು ಕಲಿತೆ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಒಬ್ಬ ಹಿರಿಯರು ಬರೆದಿದ್ದರು. ಮಲೆನಾಡಿನ ಮನೆಗಳಲ್ಲಿ ಈಗ ವಯಸ್ಸಾದವರು ಮಾತ್ರ ಉಳಿದಿದ್ದಾರೆ, ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ, ತೋಟ ನೋಡುವವರಿಲ್ಲ ಎಂದು. ಓದಿ ನನಗೂ ಸಂಕಟವಾಯಿತು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ನಮ್ಮ ಕೇರಿಯಲ್ಲೇ ಸಂಜೆ ದೀಪ ಹತ್ತದ ಮನೆಗಳಿವೆ. ಆದರೆ ಆ ಪತ್ರದಲ್ಲಿ ಒಂದು ಮಾತು ಬರಲಿಲ್ಲ. ಅದನ್ನು ಹೇಳಬೇಕಾದವರು ನಾವೇ, ಅಂದರೆ ಅರವತ್ತು ದಾಟಿದವರು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ಮಕ್ಕಳು ಊರಲ್ಲಿ ನಿಲ್ಲುತ್ತಿಲ್ಲ ಎನ್ನುತ್ತೇವೆ. ನಿಂತವರ ಕೈಗೆ ನಾವು ಏನು ಕೊಟ್ಟಿದ್ದೇವೆ?

ನಲವತ್ತು ವರ್ಷದ ಮಗ ಇಡೀ ದಿನ ತೋಟದಲ್ಲಿ ದುಡಿಯುತ್ತಾನೆ. ಬೈಕಿಗೆ ಪೆಟ್ರೋಲ್ ಹಾಕಿಸಬೇಕು ಅಂದರೆ ಅಪ್ಪನ ಮುಂದೆ ನಿಲ್ಲಬೇಕು. ಅಡಿಕೆ ಮಂಡಿಯ ಲೆಕ್ಕ ಅಪ್ಪನ ಹೆಸರಲ್ಲಿ, ಬ್ಯಾಂಕಿನ ಪಾಸ್‌ಬುಕ್ ಅಪ್ಪನ ಪೆಟ್ಟಿಗೆಯಲ್ಲಿ. ಈ ವರ್ಷ ಯಾವಾಗ ಔಷಧಿ ಹೊಡೆಯಬೇಕು, ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡಬೇಕೋ ಬೇಡವೋ, ಎಲ್ಲಾ ಅಪ್ಪನ ಮಾತು. ಕೃಷಿ ಮಾಡುವ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಅಂತ ಮದುವೆ ಮನೆಗಳಲ್ಲಿ ಕೂತು ಮಾತಾಡುತ್ತೇವೆ. ಹೆಣ್ಣಿನ ಕಡೆಯವರು ನೋಡುವುದು ಎಷ್ಟು ಎಕರೆ ಇದೆ ಅಂತ ಮಾತ್ರ ಅಲ್ಲ. ಈ ಹುಡುಗ ತನ್ನ ಮನೆಯಲ್ಲಿ ಒಂದು ಮಾತು ಆಡಬಲ್ಲನೇ ಅಂತಲೂ ನೋಡುತ್ತಾರೆ. ಅದರಲ್ಲಿ ತಪ್ಪೇನಿದೆ ಹೇಳಿ?

ನನ್ನ ಮಾತನ್ನೇ ಹೇಳುತ್ತೇನೆ. ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ, ಈಗ 69 ವರ್ಷ. ನನ್ನ ಅಪ್ಪಯ್ಯ ತೀರಿಕೊಂಡಾಗ ಅವರಿಗೆ 86, ನನಗೆ 51. ಕಬ್ಬಿಣದ ಪೆಟ್ಟಿಗೆಯ ಕೀಲಿಕೈ ಮೊದಲ ಸಲ ನನ್ನ ಕೈಗೆ ಬಂದಿದ್ದು ಅವರ ಹದಿಮೂರನೇ ದಿನದ ಕಾರ್ಯ ಮುಗಿದ ಮೇಲೆ. ಅಲ್ಲಿಯವರೆಗೆ ಶಿವಮೊಗ್ಗಕ್ಕೆ ಹೋಗಿಬರುವ ಬಸ್ಸಿನ ದುಡ್ಡಿಗೂ ಕೇಳಬೇಕಿತ್ತು. ಅಪ್ಪಯ್ಯ ಕೆಟ್ಟವರಲ್ಲ. ಕೇಳಿದರೆ ಕೊಡುತ್ತಿದ್ದರು, ಯಾವತ್ತೂ ಇಲ್ಲ ಅಂದಿದ್ದಿಲ್ಲ. ಆದರೆ ಕೇಳಬೇಕಿತ್ತು. ಐವತ್ತು ವರ್ಷದ ಮನುಷ್ಯ, ಎದೆಯೆತ್ತರಕ್ಕೆ ಬೆಳೆದ ಮಕ್ಕಳ ಎದುರಿಗೆ. ಆ ದಿನಗಳಲ್ಲಿ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಅಂದುಕೊಂಡಿದ್ದೆ, ನನ್ನ ಕಾಲ ಬಂದಾಗ ನಾನು ಹೀಗೆ ಮಾಡುವುದಿಲ್ಲ ಅಂತ.

ನನ್ನ ಕಾಲ ಬಂತು. ನಾನೂ ಹಾಗೇ ಮಾಡಿದೆ.

2020ರಲ್ಲಿ ಕೊರೊನಾ ಬಂದಾಗ ಮಗಳು ಮತ್ತು ಅಳಿಯ ಬೆಂಗಳೂರಿನಿಂದ ಬಂದರು. ಎರಡು ತಿಂಗಳಿಗೆ ಅಂತ ಬಂದವರು ಇಲ್ಲೇ ಉಳಿದರು. ಅಳಿಯನಿಗೆ ಮನೆಯಿಂದಲೇ ಕಂಪ್ಯೂಟರ್ ಕೆಲಸ. ಮಗಳು ಮಾತ್ರ, "ಅಪ್ಪಯ್ಯ, ನಾನು ಕೆಲಸ ಬಿಡ್ತೀನಿ, ತೋಟ ನೋಡ್ಕೋತೀನಿ" ಅಂದಳು. ನನಗೆ ಮಗನೂ ಇದ್ದಾನೆ, ಅವನಿಗೆ ತೋಟ ಬೇಡ, ಅವನು ಖುಷಿಯಿಂದಲೇ ಒಪ್ಪಿದ. ಮಗಳು ತೋಟ ನೋಡುವುದೇನು ಅಂತ ಊರಲ್ಲಿ ನಾಲ್ಕು ಮಂದಿ ಆಡಿಕೊಂಡರು. ನಮ್ಮ ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಕೊಟ್ಟು ಕಾನೂನು ತಿದ್ದಿದರು, ಇಡೀ ದೇಶಕ್ಕೆ ಅದು ಬಂದಿದ್ದು 2005ರಲ್ಲಿ. ಹಕ್ಕು ಬಂದು ಇಷ್ಟು ವರ್ಷವಾದರೂ ಹೆಣ್ಣುಮಗಳು ತೋಟದ ಯಜಮಾನಿಕೆ ಮಾಡಿದರೆ ಜನ ತಿರುಗಿ ನೋಡುತ್ತಾರೆ. ನನಗೆ ಆ ಬಗ್ಗೆ ತಕರಾರು ಇರಲಿಲ್ಲ. ನನ್ನ ತಕರಾರು ಬೇರೆಯೇ ಇತ್ತು, ಅದು ನನಗೇ ಗೊತ್ತಿರಲಿಲ್ಲ.

2022ರ ದೀಪಾವಳಿಯ ದಿನ ಪೂಜೆ ಮುಗಿಸಿ ಕೀಲಿಕೈ, ಪಾಸ್‌ಬುಕ್, ಮಂಡಿಯ ಲೆಕ್ಕದ ಪುಸ್ತಕ ಮೂರನ್ನೂ ಹರಿವಾಣದಲ್ಲಿಟ್ಟು ಅವಳ ಕೈಗೆ ಕೊಟ್ಟೆ. ಕಣ್ಣಲ್ಲಿ ನೀರು ಬಂತು. ದೊಡ್ಡ ಕೆಲಸ ಮಾಡಿದೆ ಅನ್ನಿಸಿತು. ಮಾರನೇ ದಿನ ಬೆಳಿಗ್ಗೆ ಎಂದಿನ ಹಾಗೆ ಕತ್ತಿ ಹಿಡಿದು ತೋಟಕ್ಕೆ ಇಳಿದೆ. ಆಳುಗಳು ಎಂದಿನ ಹಾಗೆ ನನ್ನ ಹತ್ತಿರ ಬಂದು ಇವತ್ತು ಏನು ಕೆಲಸ ಅಂತ ಕೇಳಿದರು. ನಾನು ಎಂದಿನ ಹಾಗೆ ಹೇಳಿದೆ. ಮಗಳು ಅಲ್ಲೇ ಬಾಳೆಯ ಹತ್ತಿರ ನಿಂತಿದ್ದಳು. ಏನೂ ಮಾತಾಡಲಿಲ್ಲ.

ಸುಮಾರು ಏಳೆಂಟು ತಿಂಗಳು ಹೀಗೇ ನಡೆಯಿತು. ಅವಳು ಲೆಕ್ಕ ಬರೆದರೆ ನಾನು ರಾತ್ರಿ ತೆಗೆದು ನೋಡುತ್ತಿದ್ದೆ. ಅವಳು ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರಿಗೆ ಒಂದು ಮಾತು ಹೇಳಿದರೆ ನಾನು ಹಿಂದಿನಿಂದ ಇನ್ನೊಂದು ಹೇಳುತ್ತಿದ್ದೆ. ಒಳ್ಳೆಯದಕ್ಕೇ ಅಂತ ನನ್ನ ಭಾವನೆ. ಒಂದು ದಿನ ಊಟಕ್ಕೆ ಕೂತಾಗ ನನ್ನ ಹೆಂಡತಿ ಮಜ್ಜಿಗೆ ಬಡಿಸುತ್ತಾ ಹೇಳಿದಳು, "ಕೊಟ್ಟೆ ಅಂದಿರಿ, ಕೈಯಿಂದ ಬಿಡಲೇ ಇಲ್ಲ." ಅಷ್ಟೇ ಹೇಳಿದ್ದು.

ಅದು ತಾಗಿತು, ಆದರೂ ಬುದ್ಧಿ ಬರಲಿಲ್ಲ. ಆ ಮಳೆಗಾಲದ ಶುರುವಿನಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೋ ಔಷಧಿ ಮಾಡುವ ದಿನ ನಡೆದಿದ್ದು ಹೇಳುತ್ತೇನೆ. ಅಡಿಕೆ ಬೆಳೆಯುವವರಿಗೆ ಇದು ಗೊತ್ತಿರುವ ವಿಷಯ, ಬೇರೆಯವರಿಗಾಗಿ ಬರೆಯುತ್ತಿದ್ದೇನೆ. ಮಳೆ ಹಿಡಿಯುವ ಮುಂಚೆ ಒಂದು ಸಲ, ಆಮೇಲೆ ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಕೊನೆಗಳಿಗೆ, ಅಂದರೆ ಅಡಿಕೆ ಗೊನೆಗಳಿಗೆ, ಈ ಔಷಧಿ ಹೊಡೆಯದಿದ್ದರೆ ಕೊಳೆರೋಗ ಬಂದು ಕಾಯಿ ಉದುರುತ್ತದೆ. ನೂರು ಲೀಟರ್ ಔಷಧಿಗೆ ಒಂದು ಕೆಜಿ ಮೈಲುತುತ್ತ ಅನ್ನುವ ನೀಲಿ ತಾಮ್ರದ ಉಪ್ಪು, ಒಂದು ಕೆಜಿ ಸುಣ್ಣ. ಐವತ್ತು ಲೀಟರ್ ನೀರಲ್ಲಿ ಅದನ್ನು, ಐವತ್ತು ಲೀಟರ್ ನೀರಲ್ಲಿ ಇದನ್ನು ಬೇರೆ ಬೇರೆ ಕರಗಿಸಿ, ನೀಲಿ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕೋಲಿನಿಂದ ತಿರುಗಿಸಬೇಕು. ಹದ ಸರಿಯಿದೆಯಾ ಅಂತ ನೋಡಲು ನಾವು ಕತ್ತಿಯ ಅಲಗನ್ನು ಅದ್ದುತ್ತೇವೆ. ಅಲಗಿಗೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ನಮ್ಮ ಅಪ್ಪಯ್ಯ ಮಾಡಿದ್ದು ಹಾಗೆ, ನಾನು ಮಾಡಿದ್ದೂ ಹಾಗೆ.

ಮಗಳು ಜೇಬಿನಿಂದ ಒಂದು ಸಣ್ಣ ಪುಸ್ತಕ ತೆಗೆದಳು. ಲಿಟ್ಮಸ್ ಕಾಗದ. ಒಂದು ಚೂರು ಹರಿದು ಅದ್ದಿ ನೋಡಿ, ಇನ್ನು ಸ್ವಲ್ಪ ಸುಣ್ಣದ ನೀರು ಹಾಕಿಸಿ, ಮತ್ತೆ ಅದ್ದಿ, ಸರಿಯಾಯ್ತು, ಹೊಡೀರಿ ಅಂದಳು. ಎಲ್ಲರ ಎದುರಿಗೆ ನಾನು ಕತ್ತಿ ತೆಗೆದು ಡ್ರಮ್ಮಿಗೆ ಅದ್ದಿದೆ. ಅಲಗಿಗೆ ಏನೂ ಹತ್ತಲಿಲ್ಲ. ಅವಳ ಹದ ಸರಿಯಾಗಿಯೇ ಇತ್ತು. ಆದರೆ ಕೆಲಸದವರು ಅಷ್ಟು ಹೊತ್ತೂ ಪೈಪು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು, ಅವಳದ್ದಲ್ಲ. ನಾನು ಹೂಂ ಅಂದ ಮೇಲೆಯೇ ಪಂಪು ಚಾಲೂ ಆಗಿದ್ದು. ಮಗಳು ಕಾಗದದ ಪುಸ್ತಕ ಜೇಬಿಗೆ ಹಾಕಿಕೊಂಡು ಮನೆ ಕಡೆ ನಡೆದಳು. ಅವಳು ಹೋಗುವುದನ್ನು ನೋಡಿ ನನಗೆ ನನ್ನದೇ ನೆನಪಾಯಿತು, ಬಸ್ಸಿನ ದುಡ್ಡು ಇಸಿದುಕೊಂಡು ಅಪ್ಪಯ್ಯನ ಮುಂದಿನಿಂದ ನಾನು ಹೀಗೇ ನಡೆದು ಹೋಗುತ್ತಿದ್ದೆ ಅಲ್ವಾ ಅಂತ.

ಇಲ್ಲಿ ಒಂದು ಮಾತು ಸೇರಿಸಬೇಕು. ಈ ಬೋರ್ಡೋ ನಮ್ಮ ಹಿರಿಯರಿಂದ ಬಂದ ಪದ್ಧತಿ ಅಂತ ನಾನು ಜಂಬದಿಂದ ಹೇಳುತ್ತಿದ್ದೆ. ಅದೂ ಒಂದು ಕಾಲದಲ್ಲಿ ಹೊಸದೇ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಾಸ ಮಾಡಿ ಈ ಸಿಂಪಡಣೆಯನ್ನು ನಮ್ಮ ಕಡೆಯವರಿಗೆ ತೋರಿಸಿಕೊಟ್ಟರು. ಅದಕ್ಕೂ ಮುಂಚೆ ಮಳೆ ತಾಗದ ಹಾಗೆ ಮರ ಹತ್ತಿ ಒಂದೊಂದು ಕೊನೆಗೂ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಿದ್ದರು. ಯಾರೋ ಒಬ್ಬ ಅಜ್ಜ ಕೊಟ್ಟೆ ಕಟ್ಟುವುದನ್ನು ಬಿಟ್ಟಿದ್ದಕ್ಕೇ ಬೋರ್ಡೋ ನಮ್ಮ ಪದ್ಧತಿ ಆಯಿತು. ಇದನ್ನು ನನಗೆ ಹೇಳಿದ್ದೂ ಮಗಳೇ.

ಅದೇ ವರ್ಷ ಚನ್ನರಾಯಪಟ್ಟಣದಲ್ಲಿ ನೆಂಟರ ಮದುವೆ. ಹೇಗೂ ಹತ್ತಿರ ಅಂತ ಶ್ರವಣಬೆಳಗೊಳಕ್ಕೆ ಹೋದೆವು. ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಮಂಡಿ ನೋವಿನ ನಾನು ಅಲ್ಲಲ್ಲಿ ಕೂತು ಕೂತು ಹತ್ತಿದೆ. ಸುಮಾರು 57 ಅಡಿಯ ಗೊಮ್ಮಟ. ಫೋಟೋದಲ್ಲಿ ಎಷ್ಟು ನೋಡಿದ್ದರೂ ಎದುರು ನಿಂತರೆ ಬೇರೆ. ನನ್ನ ಕಣ್ಣು ಮುಖದ ಮೇಲೆ ನಿಲ್ಲಲಿಲ್ಲ, ಕಾಲಿನ ಹತ್ತಿರ ನಿಂತಿತು. ಅಲ್ಲಿ ಹುತ್ತ ಕಡೆದಿದ್ದಾರೆ. ಬಳ್ಳಿ ಕಾಲಿನಿಂದ ಹತ್ತಿ ತೋಳಿನವರೆಗೂ ಹಬ್ಬಿದೆ. ಮೆಣಸಿನ ಬಳ್ಳಿ ಅಡಿಕೆ ಮರಕ್ಕೆ ಹಬ್ಬುತ್ತದಲ್ಲ, ಥೇಟ್ ಹಾಗೇ.

ಬಾಹುಬಲಿಯ ಕಥೆ ಎಲ್ಲರಿಗೂ ಗೊತ್ತು. ಅಣ್ಣ ಭರತನ ಜೊತೆ ಕಾದಾಡಿ ಗೆದ್ದ, ಗೆದ್ದ ಮೇಲೆ ಇದೆಲ್ಲಾ ಬೇಡ ಅಂತ ರಾಜ್ಯ ಬಿಟ್ಟು ತಪಸ್ಸಿಗೆ ನಿಂತ. ನಾನು ಕೇಳಿದ್ದು ಅಷ್ಟೇ. ಅವತ್ತು ನನ್ನ ಪಕ್ಕದಲ್ಲಿ ಕೂತಿದ್ದ ಒಬ್ಬ ವಯಸ್ಸಾದ ಯಾತ್ರಿಕರು ಮುಂದಿನದ್ದನ್ನು ಹೇಳಿದರು. ವರ್ಷ ಪೂರ್ತಿ ನಿಂತರೂ ಅವನಿಗೆ ಜ್ಞಾನ ಸಿಗಲಿಲ್ಲವಂತೆ. ಯಾಕೆ ಅಂದರೆ ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಉಳಿದಿತ್ತು. ನಾನು ನಿಂತಿರುವ ಈ ನೆಲ ಭರತನದ್ದು ಅನ್ನುವ ಮುಳ್ಳು. ರಾಜ್ಯ ಬಿಟ್ಟ, ಅರಮನೆ ಬಿಟ್ಟ, ಅನ್ನ ನೀರು ಬಿಟ್ಟ, ಎರಡು ಪಾದ ಊರುವಷ್ಟು ನೆಲದ ಯೋಚನೆ ಬಿಡಲಾಗಲಿಲ್ಲ. ಕೊನೆಗೆ ಭರತನೇ ಬಂದು ಕೈಮುಗಿದ ಮೇಲೆ ಅದು ಕಳೆಯಿತಂತೆ.

ನಾನು ಇಳಿಯುವಾಗ ಯಾರ ಜೊತೆಗೂ ಮಾತಾಡಲಿಲ್ಲ. ಅಂಥವನಿಗೇ ಅಷ್ಟು ಕಷ್ಟವಾಯಿತು. ಕೀಲಿಕೈ ಕೊಟ್ಟ ದಿನವೇ ಎಲ್ಲಾ ಬಿಟ್ಟೆ ಅಂತ ನಾನು ತಿಳಿದುಕೊಂಡಿದ್ದೆ.

ಮನೆಗೆ ಬಂದು ಒಂದು ವಾರಕ್ಕೆ ನಾನಾಗಿಯೇ ಮಗಳನ್ನು ಕರೆದೆ. ಅವಳು ಒಂದು ವರ್ಷದಿಂದ ಕೇಳುತ್ತಿದ್ದ ಒಂದು ವಿಷಯಕ್ಕೆ ನಾನು ಉತ್ತರವನ್ನೇ ಕೊಟ್ಟಿರಲಿಲ್ಲ. ಹಳ್ಳದ ಪಕ್ಕದ ಹಳೇ ಭಾಗದಲ್ಲಿ ನೂರಹತ್ತು ಮರಗಳಿದ್ದವು. ನಾನು ಹುಟ್ಟುವ ಮುಂಚೆ ಅಪ್ಪಯ್ಯ ನೆಟ್ಟಿದ್ದು. ಎಪ್ಪತ್ತು ವರ್ಷ ದಾಟಿತ್ತು. ಫಸಲು ಬಹಳ ಕಮ್ಮಿ, ಎತ್ತರ ಎಷ್ಟೆಂದರೆ ಕೊನೆಗಾರರು ಹತ್ತಲು ಒಪ್ಪುತ್ತಿರಲಿಲ್ಲ, ಉದ್ದ ಕೋಲಿನ ದೋಟಿಯೂ ಸರಿಯಾಗಿ ನಿಲುಕುತ್ತಿರಲಿಲ್ಲ. ಗಾಳಿ ಬಂದರೆ ಪ್ರತಿ ವರ್ಷ ಎರಡು ಮೂರು ಮುರಿದು ಬೇರೆ ಮರದ ಮೇಲೆ ಬೀಳುತ್ತಿದ್ದವು. ಕಡಿದು ಹೊಸ ಸಸಿ ಹಾಕೋಣ ಅಪ್ಪಯ್ಯ ಅಂತ ಅವಳು ಕೇಳಿದಾಗೆಲ್ಲ ನಾನು ಎದ್ದು ಹೋಗುತ್ತಿದ್ದೆ. ಆ ದಿನ ಹೇಳಿದೆ, "ಪುಟ್ಟಿ, ನಿನಗೆ ಸರಿ ಕಂಡ ಹಾಗೆ ಮಾಡು. ನನ್ನ ಕೇಳಬೇಡ."

ಕಡಿಯುವ ದಿನ ನಾನು ಮನೆಯೊಳಗೇ ಇದ್ದೆ. ಗರಗಸದ ಸದ್ದು ಕೇಳುತ್ತಿತ್ತು. ಅದು ನಿಂತ ಮೇಲೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಮರ ನೆಲಕ್ಕೆ ಬೀಳುವ ಶಬ್ದ. ಇಪ್ಪತ್ತರವರೆಗೆ ಎಣಿಸಿದೆ, ಆಮೇಲೆ ಎಣಿಸಲಿಲ್ಲ. ಅತ್ತುಬಿಟ್ಟೆ ಅಂತ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅಪ್ಪಯ್ಯನನ್ನು ಕಳಿಸಿದ ದಿನ ಅಷ್ಟು ಅತ್ತಿರಲಿಲ್ಲ. ಸಂಜೆ ಹೋಗಿ ನೋಡಿದರೆ ಆ ಜಾಗದಲ್ಲಿ ಬೆಳಕಿತ್ತು. ನಾನು ಹುಟ್ಟಿದಾಗಿನಿಂದ ನೆರಳಿದ್ದ ಜಾಗ ಅದು. ಮಗಳು ಒಳ್ಳೆಯ ಮರಗಳನ್ನು ಆರಿಸಿ ಉದ್ದುದ್ದ ದಬ್ಬೆ ಸೀಳಿಸಿ ಅಡಿಕೆ ಒಣಗಿಸಲು ಹೊಸ ಅಟ್ಟ ಕಟ್ಟಿಸಿದಳು. ಈಗ ನಮ್ಮನೆ ಅಡಿಕೆ ಒಣಗುವುದು ಅಪ್ಪಯ್ಯ ನೆಟ್ಟ ಮರಗಳ ಮೇಲೆಯೇ.

ಎಲ್ಲವೂ ಸರಿಹೋಯಿತು ಅಂತ ತಿಳಿಯಬೇಡಿ. ಹೊಸ ಸಸಿಗೆ ನೆರಳಾಗಲಿ ಅಂತ ಬಾಳೆ ಹಾಕಿದಳು. ನೀರು ಬಸಿಯುವ ಕಾಲುವೆ ಇನ್ನೂ ಆಳವಾಗಬೇಕಿತ್ತು, ಆಳ ಸಾಲದೆ ಮೊದಲ ಮಳೆಗಾಲಕ್ಕೆ ಒಂದಿಷ್ಟು ಸಸಿ ಕೊಳೆತವು. ನನಗೆ ಮೊದಲೇ ಗೊತ್ತಿತ್ತು, ಆ ಮೂಲೆಯಲ್ಲಿ ನೀರು ನಿಲ್ಲುತ್ತದೆ ಅಂತ. ಹೇಳಿದ್ದೆ ಕೂಡ, ಒಂದೇ ಸಲ. ಅವಳು ಸಾಕು ಅಂದಳು, ನಾನು ಸುಮ್ನಾದೆ. ಸಸಿ ಹೋದ ಮೇಲೆ ನಾನು ಹೇಳಿರಲಿಲ್ವಾ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಮಾರನೇ ದಿನ ಅವಳೇ ಆಳು ಕರೆದುಕೊಂಡು ಹೋಗಿ ಕಾಲುವೆ ಆಳ ಮಾಡಿಸಿದಳು. ಆ ತೋಟದ ನೀರಿನ ಹಾದಿ ಈಗ ಅವಳಿಗೆ ನನ್ನಷ್ಟೇ ಗೊತ್ತು. ನಾನು ಅಪ್ಪಯ್ಯನ ಕಾಲದಲ್ಲಿ ಯಾವ ತಪ್ಪನ್ನೂ ಮಾಡಲಿಲ್ಲ, ಯಾಕೆಂದರೆ ಯಾವ ನಿರ್ಧಾರವನ್ನೂ ಮಾಡಲಿಲ್ಲ. ಅದಕ್ಕೇ 51ರಲ್ಲಿ ಕೀಲಿಕೈ ಸಿಕ್ಕಾಗ ನನಗೆ ಕೈಕಾಲು ನಡುಗಿತ್ತು.

ಇಷ್ಟು ಓದಿದ ನನ್ನ ವಯಸ್ಸಿನವರಿಗೆ ಒಂದು ಭಯ ಇದ್ದೇ ಇರುತ್ತದೆ. ಎಲ್ಲಾ ಕೊಟ್ಟ ಮೇಲೆ ನೋಡಿಕೊಳ್ಳದಿದ್ದರೆ ಏನು ಗತಿ? ಸುಮ್ನೆ ಬರುವ ಭಯ ಅಲ್ಲ, ಅಂಥ ಮನೆಗಳನ್ನು ನಾನೂ ನೋಡಿದ್ದೇನೆ. ಆದರೆ ನಾನು ಬಿಟ್ಟುಕೊಟ್ಟಿದ್ದು ದಿನದಿನದ ಯಜಮಾನಿಕೆಯನ್ನು. ಪಹಣಿ ಇನ್ನೂ ನನ್ನ ಹೆಸರಲ್ಲೇ ಇದೆ, ಅದನ್ನು ಮನೆಯವರೆಲ್ಲ ಕೂತು ಮಾತಾಡಿ ನಿಧಾನವಾಗಿ ಮಾಡುತ್ತೇವೆ. ಆಸ್ತಿಯನ್ನೇ ಬರೆದುಕೊಡುವವರು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ಬಗ್ಗೆ ವಕೀಲರ ಹತ್ತಿರ ಕೇಳಿ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ದಾನಪತ್ರ ಮಾಡಿಕೊಟ್ಟು, ಆಮೇಲೆ ನೋಡಿಕೊಳ್ಳದಿದ್ದರೆ ಅದನ್ನು ರದ್ದು ಮಾಡಿಸಲು ಅದರಲ್ಲಿ ಅವಕಾಶವಿದೆ. ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬೇಕು. ಷರತ್ತನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಪತ್ರದಲ್ಲೇ ಬರೆಸಿ. ಭಯಕ್ಕೆ ಕಾನೂನು ಇದೆ. ಪಾಸ್‌ಬುಕ್ಕನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಎಂಬತ್ತು ದಾಟುವುದಕ್ಕೆ ಮಾತ್ರ ಆ ಭಯವನ್ನು ಕಾರಣ ಮಾಡಬೇಡಿ.

ಇನ್ನು ನನ್ನ ಬಗ್ಗೆ. ಯಜಮಾನಿಕೆ ಹೋದ ಮೇಲೆ ಮೊದಮೊದಲು ಬೆಳಿಗ್ಗೆ ಎದ್ದರೆ ಏನು ಮಾಡಬೇಕು ಅಂತಲೇ ತಿಳಿಯುತ್ತಿರಲಿಲ್ಲ. ಕಾಫಿ ಕುಡಿದು ಜಗುಲಿಯಲ್ಲಿ ಕೂತರೆ ಹತ್ತು ಗಂಟೆಯವರೆಗೂ ಅಲ್ಲೇ. ಆಗ ಮಗಳ ಪರಿಚಯದ ಒಬ್ಬ ಹುಡುಗ ಮೆಣಸಿನ ಕಸಿ ಗಿಡ ಕೊಡಲು ಬಂದಿದ್ದ. ನಮ್ಮ ಮೆಣಸಿನ ಬಳ್ಳಿಗಳು ಸೊರಗು ರೋಗಕ್ಕೆ ಎಷ್ಟು ಹೋಗಿವೆಯೋ ಲೆಕ್ಕವಿಲ್ಲ. ಬ್ರೆಜಿಲ್ ಹಿಪ್ಪಲಿ ಗಿಡದ ಬೇರು ನೀರು ನಿಂತರೂ ತಡೆದುಕೊಳ್ಳುತ್ತದೆ, ಆ ರೋಗವನ್ನೂ ತಡೆದುಕೊಳ್ಳುತ್ತದೆ. ಅದರ ಮೇಲೆ ನಮ್ಮ ಮೆಣಸಿನ ಕುಡಿ ಕಟ್ಟುತ್ತಾರೆ. ಕಲಿಸ್ತೀಯಾ ಮಾರಾಯ ಅಂತ ಕೇಳಿದೆ. ಅವನಿಗೆ ಇಪ್ಪತ್ತೈದು ವರ್ಷ ಇರಬಹುದು. ಬನ್ನಿ ಅಂದ.

ಹಿಪ್ಪಲಿಯ ತುದಿ ಕತ್ತರಿಸಿ ನಡುವೆ ಬ್ಲೇಡಿನಿಂದ ಸೀಳಬೇಕು. ಮೆಣಸಿನ ಕುಡಿಯ ಬುಡವನ್ನು ಎರಡೂ ಕಡೆ ಹೆರೆದು ಬೆಣೆಯ ಹಾಗೆ ಮಾಡಿ ಆ ಸೀಳಿನಲ್ಲಿ ಕೂರಿಸಬೇಕು. ಹೆರೆದ ಜಾಗ ಒಣಗುವ ಮುಂಚೆ ಕೂರಬೇಕು, ಬೆರಳು ತಾಗಬಾರದು. ಆಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ ಮೇಲಿಂದ ಒಂದು ಕವರ್ ಮುಚ್ಚಬೇಕು, ತೇವ ಆರದ ಹಾಗೆ. ನನ್ನ ಬೆರಳು ಕತ್ತಿ ಹಿಡಿದು ದಪ್ಪಗಾದ ಬೆರಳು. ಮೊದಲು ಕಟ್ಟಿದ ಇಪ್ಪತ್ತರಲ್ಲಿ ಹತ್ತಿದ್ದು ಮೂರೇ. ಹುಡುಗ ಒಂದೊಂದನ್ನೇ ಬಿಚ್ಚಿ ತೋರಿಸಿದ, ಇಲ್ಲಿ ಸಡಿಲ ಆಗಿದೆ ಅಜ್ಜಾ, ಇಲ್ಲಿ ಜಾಸ್ತಿ ಹೆರೆದಿದ್ದೀರಿ ಅಂತ. ಎಷ್ಟೋ ವರ್ಷದ ಮೇಲೆ ನನಗೆ ಒಬ್ಬರು ತಪ್ಪು ತೋರಿಸಿದ್ದು. ಯಜಮಾನನಾಗಿದ್ದಾಗ ಯಾರೂ ತೋರಿಸುತ್ತಿರಲಿಲ್ಲ, ತೋರಿಸಿದರೆ ನಾನು ಕೇಳುತ್ತಲೂ ಇರಲಿಲ್ಲ. ಈಗ ಐವತ್ತು ಕಟ್ಟಿದರೆ ಮೂವತ್ತೈದು ಹತ್ತುತ್ತವೆ. ತಿಂಗಳ ಹೊತ್ತಿಗೆ ಕವರಿನ ಒಳಗೆ ಸಣ್ಣ ಎಲೆಯೊಂದು ಬಿಚ್ಚಿಕೊಂಡಿದ್ದು ಕಂಡರೆ ನಾನು ಹೆಂಡತಿಯನ್ನು ಕೂಗಿ ಕರೆದು ತೋರಿಸುತ್ತೇನೆ.

ಆ ಪತ್ರ ಬರೆದ ಹಿರಿಯರಿಗೆ ಒಂದು ಮಾತು. ನಿಮ್ಮ ಊರು ಯಾವುದೋ ಗೊತ್ತಿಲ್ಲ, ಆದರೆ ತೋಟ ಇದೆ ಅಂತ ಪತ್ರದಲ್ಲೇ ಬರೆದಿದ್ದೀರಿ. ಫೋನಿನಲ್ಲಿ ಮಗನೋ ಮಗಳೋ ಸಿಕ್ಕಾಗ ಊಟ ಆಯ್ತಾ ಅಂತ ಕೇಳುವ ಜೊತೆಗೆ, ಈ ಸಲ ಯಾವ ಸಸಿ ಹಾಕೋಣ ಅಂತಲೂ ಕೇಳಿ ನೋಡಿ. ಅವರು ಹೇಳಿದ್ದನ್ನೇ ಹಾಕಿ. ಒಂದು ಸಲ ನಮ್ಮ ಕಡೆ ಬನ್ನಿ. ತೋಟ ಸುತ್ತಿಸುವುದು ಮಗಳು, ಅವಳು ಚೆನ್ನಾಗಿ ವಿವರಿಸುತ್ತಾಳೆ. ಬರುವಾಗ ನಿಮ್ಮ ತೋಟದ ಒಳ್ಳೆಯ ಮೆಣಸಿನ ಬಳ್ಳಿಯ ಒಂದು ನಾಲ್ಕು ಕುಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ನಾನು ಕಟ್ಟಿಕೊಡುತ್ತೇನೆ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ